ಅಂಗಳದ ಒಲೆ, ನೆಲದಡಿಯ ಬಿಸಿ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಬಚ್ಚಲ ಒಲೆಯ ಬಾಯಿ ಇರುವುದು ಬಚ್ಚಲಿನ ಹೊರಗೆ. ಹೊರಗಿನಿಂದ ಸೌದೆ, ಒಣಗಿದ ಸೋಗೆ, ತೆಂಗಿನ ಮಟ್ಟೆ ತುರುಕಿದರೆ ಒಳಗೆ ಹಂಡೆಯಲ್ಲಿ ನೀರು ಕಾಯುತ್ತದೆ. ಹೊಗೆಯೆಲ್ಲ ತೋಟದ ಕಡೆಗೆ, ಬಿಸಿನೀರೆಲ್ಲ ನಮ್ಮ ಕಡೆಗೆ. ಅಡಿಗೆಮನೆಯ ಒಲೆಗೆ ಮಾತ್ರ ಈ ಭಾಗ್ಯ ಇರಲಿಲ್ಲ. ಗ್ಯಾಸ್ ಬರುವವರೆಗೂ ಅಜ್ಜಿ ಊದುಕೊಳವೆ ಹಿಡಿದು ಅದರ ಮುಂದೆಯೇ ಕೂತಿದ್ದಳು. ಕೊನೆಗಾಲದ ಅವಳ ಕೆಮ್ಮು ನೆನಪಾದರೆ ಈಗಲೂ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಅಮ್ಮ ಬೀಡಿ ಸೇದ್ತಿದ್ರಾ?" ಅಂತ. ಅಜ್ಜಿಗೆ ಆವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ :-)

ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಪ್ರಾಜೆಕ್ಟ್ ಕೆಲಸದ ಮೇಲೆ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿಗೆ ಬಂದಿದ್ದೇನಲ್ಲ, ಇಲ್ಲಿ ಒಂದು ಶನಿವಾರ ನಮ್ಮ ಮ್ಯಾನೇಜರ್ "ಬಿಡುವಿದ್ದರೆ ಮನೆಗೆ ಬಾ, ಒಂದು ಕಂದಕ ತೋಡಬೇಕು" ಅಂದರು. ಆಫೀಸಿನಲ್ಲಿ ಯಾರೋ ಮಾಡಿಟ್ಟ ಗುಂಡಿ ಮುಚ್ಚುವುದೇ ನನ್ನ ಕೆಲಸ. ತೋಡುವ ಕೆಲಸ ಸಿಕ್ಕಿದ್ದು ಇದೇ ಮೊದಲು. ಹೋದೆ.

ಅವರ ಮನೆ ಊರಾಚೆ, ಸುತ್ತ ಕಾಡು. ಅವರ ವಯಸ್ಸಾದ ಅಮ್ಮನಿಗೆ ಉಸಿರಾಟದ ತೊಂದರೆ. ಮನೆಯೊಳಗಿನ ಸೌದೆ ಒಲೆ ಹಚ್ಚಿದರೆ ಕೆಮ್ಮು, ಹಚ್ಚದಿದ್ದರೆ ಚಳಿ. ಅದಕ್ಕೆ ಒಲೆಯನ್ನೇ ಹೊರಗೆ ಹಾಕಿಬಿಡುವ ಯೋಜನೆ. ಇಲ್ಲಿ ಔಟ್‌ಡೋರ್ ಫರ್ನೇಸ್ ಅಂತ ಸಿಗುತ್ತದೆ. ನೋಡುವುದಕ್ಕೆ ಚಿಮಣಿ ಇರುವ ತಗಡಿನ ಪುಟ್ಟ ಗೂಡಂಗಡಿ. ಒಳಗೆ ಬೆಂಕಿ, ಬೆಂಕಿಯ ಸುತ್ತ ನೀರು. ಆ ಬಿಸಿನೀರು ನೆಲದಡಿಯ ಪೈಪಿನಲ್ಲಿ ಮನೆಗೆ ಹೋಗಿ, ಮನೆ ಬೆಚ್ಚಗೆ ಮಾಡಿ, ತಣ್ಣಗಾಗಿ ಇನ್ನೊಂದು ಪೈಪಿನಲ್ಲಿ ವಾಪಸ್ ಬರುತ್ತದೆ. ಜೊತೆಗೊಂದು ಕರೆಂಟ್ ವೈರು, ಪಂಪಿಗೆ ಮತ್ತು ಗಾಳಿ ಊದುವ ಫ್ಯಾನಿಗೆ. ಆವತ್ತು ರಾತ್ರಿ ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಬಣ್ಣಿಸಿದೆ. ಪೂರ್ತಿ ಕೇಳಿಸಿಕೊಂಡು "ಅಂದ್ರೆ ಹಂಡೆ ಒಲೇನ ಅಂಗಳದಲ್ಲಿ ಇಟ್ಟಿದ್ದಾರೆ ಅನ್ನು" ಅಂದರು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿಸಿದ್ದಕ್ಕೆ ಅವರಿಗೆ ಬೇಜಾರಾಗಿರಬೇಕು!

ಅಗೆಯುವ ಮೊದಲು 811 ನಂಬರಿಗೆ ಫೋನ್ ಮಾಡಬೇಕು ಅನ್ನುವುದು ಇಲ್ಲಿನ ಕಾನೂನು. ಅವರ ಕಡೆಯವರು ಬಂದು ನೆಲದಡಿ ಗ್ಯಾಸ್ ಎಲ್ಲಿದೆ, ಕರೆಂಟ್ ಎಲ್ಲಿದೆ ಅಂತ ಬಣ್ಣದಲ್ಲಿ ಗೆರೆ ಎಳೆದು ಹೋಗುತ್ತಾರೆ. ಆ ಗೆರೆಗಳನ್ನು ನೋಡುತ್ತ ನಿಂತಾಗ ಹುಟ್ಟಿದ ಪ್ರಶ್ನೆ ಇದು: ಒಲೆ ಒಂದು ಕಡೆ, ಬಿಸಿ ಇನ್ನೊಂದು ಕಡೆ, ನಡುವೆ ನೆಲದಡಿಯ ಪೈಪು... ಮೊದಲು ಹೀಗೆ ಮಾಡಿದವರು ಯಾರು? ರೋಮನ್ನರು ಗೋಡೆಯಾಚೆ ಬೆಂಕಿ ಹಾಕಿ ನೆಲಹಾಸಿನ ಕೆಳಗೆ ಬಿಸಿಗಾಳಿ ಹರಿಸುತ್ತಿದ್ದರು, ಕೊರಿಯಾದವರ ಒಂಡೋಲ್ ಕೂಡ ಹಾಗೆಯೇ. ಆದರೆ ಅವೆಲ್ಲ ಒಂದೇ ಕಟ್ಟಡದ ಮಾತು. ಒಂದು ಬಾಯ್ಲರಿನಿಂದ ರಸ್ತೆಯ ಕೆಳಗೆ ಪೈಪು ಎಳೆದು ಊರಿಗೆ ಬಿಸಿಯನ್ನು ಮಾರುವ ದಂಧೆ ಬೇರೂರಿದ್ದು ಎಲ್ಲಿ ಗೊತ್ತೆ? ನಾವು ಅಗೆಯುತ್ತಿದ್ದ ಜಾಗದಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಲಾಕ್‌ಪೋರ್ಟ್ ಎಂಬ ಸಣ್ಣ ಊರಿನಲ್ಲಿ!

ಲಾಕ್‌ಪೋರ್ಟಿಗೆ ಆ ಹೆಸರು ಬಂದದ್ದು ಈರಿ ಕಾಲುವೆಯಿಂದ. ದೋಣಿಗಳು ಮೆಟ್ಟಿಲು ಹತ್ತಿದ ಹಾಗೆ ಮೇಲೇರುವ ನೀರಿನ ಬಾಗಿಲುಗಳು ಅಲ್ಲಿವೆ. ಆ ಊರಿನಲ್ಲಿ ಬರ್ಡ್‌ಸಿಲ್ ಹಾಲಿ ಅಂತ ಒಬ್ಬನಿದ್ದ. 1820ರಲ್ಲಿ ಹುಟ್ಟಿದವನು, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಶಾಲೆ ಬಿಟ್ಟು ಕೆಲಸಕ್ಕೆ ಸೇರಿದವನು. ಎತ್ತರದ ಟ್ಯಾಂಕು ಕಟ್ಟದೆ, ಪಂಪಿನ ಒತ್ತಡದಿಂದಲೇ ಊರ ತುಂಬ ನೀರು ಹರಿಸಿ ಬೆಂಕಿ ಆರಿಸುವ ಏರ್ಪಾಡು ಮಾಡಿ ಆಗಲೇ ಹೆಸರು ಗಳಿಸಿದ್ದ. ನೀರನ್ನು ಕಳಿಸಬಹುದಾದರೆ ಹಬೆಯನ್ನು ಯಾಕೆ ಕಳಿಸಬಾರದು? ತನ್ನ ಮನೆಯ ನೆಲಮಾಳಿಗೆಯಲ್ಲಿ ಬಾಯ್ಲರ್ ಇಟ್ಟು, ಹಿತ್ತಲಿನಲ್ಲಿ ಪೈಪು ಹೂತು ಪ್ರಯೋಗ ಮಾಡಿದ. 1877ರಲ್ಲಿ ಕಂಪನಿ ಮಾಡಿ ಊರಿಗೇ ಹಬೆ ಮಾರಲು ಶುರು ಮಾಡಿದ. ಹಿತ್ತಲಿನ ಪ್ರಯೋಗವೇ ದೊಡ್ಡ ಕಂಪನಿಯಾಗುವ ಕಥೆ ಅಮೆರಿಕದಲ್ಲಿ ಹಳೆಯದು ನೋಡಿ. ಆಗ ಕಾರ್ ಗ್ಯಾರೇಜ್ ಇರಲಿಲ್ಲ, ಅಷ್ಟೇ.

ಮಾತಿನಲ್ಲಿ ಸುಲಭ. ಪೈಪು ಹೂಳುವುದರಲ್ಲಿ ಎರಡು ಪೀಡೆಗಳಿವೆ. ಒಂದು, ಬಿಸಿಯಾದ ಕಬ್ಬಿಣ ಉದ್ದವಾಗುತ್ತದೆ. ನೂರು ಅಡಿಯ ಪೈಪು 150 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರಿದರೆ ಎರಡು ಇಂಚಿಗೂ ಮಿಕ್ಕಿ ಬೆಳೆಯುತ್ತದೆ. ಎರಡೂ ತುದಿ ಬಿಗಿದಿಟ್ಟರೆ ಅದು ಎಲ್ಲಿಗೆ ಹೋಗಬೇಕು? ಸೊಟ್ಟಗಾಗುತ್ತದೆ, ಇಲ್ಲವೇ ಕೀಲು ಬಿಟ್ಟು ಸೋರುತ್ತದೆ. ಎರಡು, ಸುತ್ತಲಿನ ಮಣ್ಣು ಬಿಸಿಯನ್ನು ಹೀರುತ್ತದೆ. ಅದರಲ್ಲೂ ಒದ್ದೆ ಮಣ್ಣಿಗೆ ಹೊಟ್ಟೆಬಾಕತನ ಜಾಸ್ತಿ. ಹಾಲಿ ಪೈಪಿಗೆ ಕಲ್ನಾರು ಸುತ್ತಿ, ಕೊರೆದ ಮರದ ದಿಮ್ಮಿಯೊಳಗೆ ತೂರಿಸಿ ಹೂತ. ಉದ್ದವಾಗುವುದಕ್ಕೆ ಅಲ್ಲಲ್ಲಿ ಜಾರುವ ಕೀಲಿನ ಪೆಟ್ಟಿಗೆಗಳನ್ನು ಇಟ್ಟ. ಎಷ್ಟು ಹಬೆ ಖರ್ಚಾಯಿತು ಅಂತ ಅಳೆಯುವುದಕ್ಕೆ ಮೀಟರನ್ನೂ ಮಾಡಿದ. ಬಿಲ್ ಇಲ್ಲದ ಮೇಲೆ ವ್ಯಾಪಾರ ಹೇಗೆ!

ಈ ಲಾಕ್‌ಪೋರ್ಟ್ ಪದ್ಧತಿಯನ್ನು ನ್ಯೂಯಾರ್ಕ್ ನಗರಕ್ಕೆ ತಂದವನು ವಾಲೇಸ್ ಆಂಡ್ರೂಸ್ ಎಂಬ ಉದ್ಯಮಿ. ಅವನ ಮುಖ್ಯ ಇಂಜಿನಿಯರ್ ಚಾರ್ಲ್ಸ್ ಎಮೆರಿ. ಆ ಕಾಲದ ಮ್ಯಾನ್‌ಹಟನ್‌ನಲ್ಲಿ ಪ್ರತಿ ಕಟ್ಟಡಕ್ಕೂ ತನ್ನದೇ ಕಲ್ಲಿದ್ದಲು, ತನ್ನದೇ ಬೂದಿ, ತನ್ನದೇ ಹೊಗೆ. ಇವರು ನದಿಯ ಕಡೆಗೆ ಒಂದು ದೊಡ್ಡ ಬಾಯ್ಲರ್ ಮನೆ ಕಟ್ಟಿ, 225 ಅಡಿ ಎತ್ತರದ ಚಿಮಣಿ ಎಬ್ಬಿಸಿದರು. 1882ರ ಮಾರ್ಚ್ 3ರಂದು ಬ್ರಾಡ್‌ವೇಯ ಒಂದು ಬ್ಯಾಂಕ್ ಕಟ್ಟಡಕ್ಕೆ ಮೊದಲ ಹಬೆ ಹೋಯಿತು. 1886ರ ಹೊತ್ತಿಗೆ 350 ಗಿರಾಕಿಗಳು, ಐದು ಮೈಲಿ ಪೈಪು.

ಇನ್ನು ವೈರಿನ ಕಥೆ. ನನಗೆ ತುಂಬ ಇಷ್ಟವಾದ ಭಾಗ ಇದು. ಎಮೆರಿ ಪೈಪು ಹೂಳುತ್ತಿದ್ದ ಅದೇ ದಿನಗಳಲ್ಲಿ, ಅದೇ ದಕ್ಷಿಣ ಮ್ಯಾನ್‌ಹಟನ್ನಿನ ಬೀದಿಗಳಲ್ಲಿ ಇನ್ನೊಬ್ಬ ಮನುಷ್ಯ ತಾಮ್ರ ಹೂಳುತ್ತಿದ್ದ. ಅವನ ಹೆಸರು ಥಾಮಸ್ ಆಲ್ವಾ ಎಡಿಸನ್.

ಆಗ ಟೆಲಿಗ್ರಾಫ್ ತಂತಿಗಳೆಲ್ಲ ಕಂಬದ ಮೇಲೆ. ಎಡಿಸನ್ ಮಾತ್ರ ಗ್ಯಾಸಿನವರು ನೆಲದಡಿ ಹೋಗುವಾಗ ನಾನೂ ನೆಲದಡಿಯೇ ಹೋಗುತ್ತೇನೆ ಅಂತ ಹಟ ಹಿಡಿದ. ಮೊದಲು ತನ್ನ ಮೆನ್ಲೋ ಪಾರ್ಕಿನಲ್ಲಿ ತಂತಿ ಹೂತು ನೋಡಿದಾಗ ಕರೆಂಟೆಲ್ಲ ಮಣ್ಣಿಗೆ ಸೋರಿಹೋಯಿತು. ಆಗ ವಿಲ್ಸನ್ ಹೋವೆಲ್ ಎಂಬ ಸಹಾಯಕ ಪುಸ್ತಕಗಳನ್ನು ತಿರುವಿಹಾಕಿ, ಕಂಡಕಂಡದ್ದನ್ನೆಲ್ಲ ಕುದಿಸಿ, ಲ್ಯಾಬೆಲ್ಲ ನಾರುವಂತೆ ಮಾಡಿ ಕೊನೆಗೆ ಒಂದು ಕಷಾಯ ಕಂಡುಹಿಡಿದ. ಟ್ರಿನಿಡಾಡಿನ ಡಾಂಬರು, ಅಗಸೆ ಎಣ್ಣೆ, ಪ್ಯಾರಾಫಿನ್, ಸ್ವಲ್ಪ ಜೇನುಮೇಣ. ನ್ಯೂಯಾರ್ಕಿಗೆ ಬರುವ ಹೊತ್ತಿಗೆ ಈ ಜಾಡಿನಲ್ಲೇ ಅದು 20 ಅಡಿ ಉದ್ದದ ಕಬ್ಬಿಣದ ಕೊಳವೆಯಾಗಿತ್ತು. ಒಳಗೆ ಅರ್ಧಚಂದ್ರಾಕಾರದ ಎರಡು ತಾಮ್ರದ ಸರಳು, ಸುತ್ತ ಈ ಜಾತಿಯ ಅಂಟು. ಮಾಡಿಸುತ್ತಿದ್ದವನು ಜಾನ್ ಕ್ರೂಸಿ, ಎಡಿಸನ್ನನ ಮೊದಲ ಫೋನೋಗ್ರಾಫನ್ನು ಕೈಯಾರೆ ಮಾಡಿಕೊಟ್ಟ ಅದೇ ಸ್ವಿಸ್ ಮಿಸ್ತ್ರಿ.

ರಸ್ತೆ ಅಗೆಯಲು ನಗರಸಭೆಯ ಅನುಮತಿ ಬೇಕಲ್ಲ? 1880ರ ಡಿಸೆಂಬರಿನಲ್ಲಿ ನಗರಸಭೆಯ ಸದಸ್ಯರನ್ನು ಮೆನ್ಲೋ ಪಾರ್ಕಿಗೆ ಕರೆಸಿ, ದೀಪ ತೋರಿಸಿ, ನ್ಯೂಯಾರ್ಕಿನ ಹೆಸರಾಂತ ಡೆಲ್ಮಾನಿಕೋ ಹೋಟೆಲಿನ ಊಟ ಹಾಕಿಸಿದರು. ಮುಂದಿನ ಏಪ್ರಿಲಿನಲ್ಲಿ ಅನುಮತಿ ಸಿಕ್ಕಿತು. ಕೆಲಸ ಶುರುವಾದ ಮೇಲೆ ಲೋಕೋಪಯೋಗಿ ಕಮಿಷನರ್ ಎಡಿಸನ್ನನನ್ನು ಕರೆಸಿ, ಈ ಕೆಲಸಕ್ಕೆ ಐವರು ಇನ್ಸ್‌ಪೆಕ್ಟರುಗಳು ಬೇಕು, ತಲೆಗೆ ದಿನಕ್ಕೆ ಐದು ಡಾಲರ್, ವಾರದ ಕೊನೆಯಲ್ಲಿ ನೀವೇ ಕೊಡಬೇಕು ಅಂದ. ಇನ್ನು ಇವರ ಕಾಟ ಶುರುವಾಯಿತು ಅಂತ ಎಡಿಸನ್ ಹೆದರಿಕೊಂಡೇ ಬಂದನಂತೆ. ಕಾಯುತ್ತ ಕೂತರೆ ಇನ್ಸ್‌ಪೆಕ್ಟರುಗಳು ಪತ್ತೆಯೇ ಇಲ್ಲ. ಅವರು ಕಾಣಿಸಿಕೊಂಡಿದ್ದು ಶನಿವಾರ ಮಧ್ಯಾಹ್ನ, ಸಂಬಳ ತೆಗೆದುಕೊಳ್ಳುವುದಕ್ಕೆ! ಓದುತ್ತ ಒಬ್ಬನೇ ಗಟ್ಟಿಯಾಗಿ ನಕ್ಕುಬಿಟ್ಟೆ. ಸಾಗರದಾಚೆ ಬಂದರೂ ನಮ್ಮವರೇ ಸಿಕ್ಕ ಹಾಗಾಯಿತು.

ಅಗೆತ ನಡೆಯುತ್ತಿದ್ದುದು ಹೆಚ್ಚಾಗಿ ರಾತ್ರಿ, ಹಗಲು ಗಾಡಿಗಳ ದಟ್ಟಣೆ. ಎಡಿಸನ್ನನೇ ಹೇಳಿಕೊಂಡ ಪ್ರಕಾರ, ಅವನೂ ಎಮೆರಿಯೂ ಹೊತ್ತಲ್ಲದ ಹೊತ್ತಿನಲ್ಲಿ ಬೀದಿಯಲ್ಲಿ ಆಗಾಗ ಎದುರಾಗುತ್ತಿದ್ದರಂತೆ. ಒಬ್ಬ ತನ್ನ ಕೊಳವೆ ನೋಡಲು ಬಂದವನು, ಇನ್ನೊಬ್ಬ ತನ್ನ ಪೈಪು ನೋಡಲು ಬಂದವನು. ಲಾಟೀನು ಹಿಡಿದು, ಪಕ್ಕಪಕ್ಕದ ಗುಂಡಿಗಳ ಅಂಚಿನಲ್ಲಿ ಈ ಇಬ್ಬರೂ ಏನು ಮಾತಾಡಿಕೊಂಡಿರಬಹುದು? ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ರಿಲೀಸ್ ಮಾಡುವಾಗ ಕಾಫಿ ಮೆಷಿನ್ ಹತ್ತಿರ ಬೇರೆ ಟೀಮಿನವನು ಸಿಕ್ಕಾಗ ನಾವು ಆಡುವಂಥದ್ದೇ ಇರಬೇಕು :-)

ಎಮೆರಿಗೆ ಆಗ ಒಬ್ಬ ಪೈಪೋಟಿದಾರನೂ ಇದ್ದ. ಇನ್ನೊಂದು ಹಬೆ ಕಂಪನಿ ಅದೇ ವೇಳೆಗೆ ಪೈಪು ಹೂಳಲು ಇಳಿದಿತ್ತು. ಅದು ಉಳಿಯಲಿಲ್ಲ, ಎಮೆರಿಯದು ಉಳಿಯಿತು. ಅವನು ಇಟ್ಟಿಗೆಯ ಕಾಲುವೆ ಕಟ್ಟಿ, ಅದರೊಳಗೆ ಪೈಪು ಮಲಗಿಸಿ, ಸುತ್ತ ಖನಿಜ ಉಣ್ಣೆ ತುಂಬಿದ. ಕುಲುಮೆಯ ಕಿಟ್ಟವನ್ನು ಕರಗಿಸಿ ಹಬೆಯಿಂದ ಊದಿದರೆ ಸಿಗುವ ಹತ್ತಿಯಂಥ ಎಳೆ ಅದು. ಪೈಪು ಹಿಗ್ಗುವುದಕ್ಕೆ ತಾಮ್ರದ ಪೊರೆಯಿರುವ ಕೀಲುಗಳನ್ನು ಇಟ್ಟ. ಕೀಲು ಜಾರುವುದಿಲ್ಲ, ಪೊರೆಯೇ ಬಾಗುತ್ತದೆ. ಆದ್ದರಿಂದ ಪದೇ ಪದೇ ಅಗೆದು ಕೀಲು ಬಿಗಿ ಮಾಡುವ ಕಷ್ಟ ಇಲ್ಲ.

ಎಡಿಸನ್ನನ ಕರೆಂಟು ಹರಿದದ್ದು 1882ರ ಸೆಪ್ಟೆಂಬರ್ 4, ಮಧ್ಯಾಹ್ನ ಮೂರು ಗಂಟೆಗೆ. ಪರ್ಲ್ ಸ್ಟ್ರೀಟಿನ ಸ್ಟೇಷನ್ನಿನಿಂದ ಸುಮಾರು 400 ದೀಪ. ಒಂದೇ ವರ್ಷದಲ್ಲಿ, ಒಂದೇ ಊರಿನ ಕೆಲವೇ ಬೀದಿಗಳ ಅಡಿಯಲ್ಲಿ ಮಾರಾಟದ ಬಿಸಿಯೂ ಮಾರಾಟದ ಬೆಳಕೂ ಹರಿದವು. ಮ್ಯಾನೇಜರ ಅಂಗಳದಲ್ಲಿ ನಾನು ತೋಡಿದ ಕಂದಕದಲ್ಲಿ ಇದ್ದದ್ದೂ ಇವೆರಡೇ.

ಎಲ್ಲವೂ ಸುಸೂತ್ರ ಆಗಲಿಲ್ಲ. ಆನ್ ಮತ್ತು ನಸ್ಸೌ ಬೀದಿಗಳು ಸೇರುವಲ್ಲಿ ಒಂದು ಕೀಲು ಪೆಟ್ಟಿಗೆ ಸೋರಿ ನೆಲಕ್ಕೆ ಕರೆಂಟ್ ಇಳಿಯಿತು. ಲಾಳ ಕಟ್ಟಿದ ಕುದುರೆಗಳು ಅಲ್ಲಿ ಕಾಲಿಟ್ಟೊಡನೆ ಹಾರತೊಡಗಿದವು. ಮಾರನೆಯ ದಿನ ಒಬ್ಬ ಕುದುರೆ ವ್ಯಾಪಾರಿ ಎಡಿಸನ್ನನ ಹತ್ತಿರ ಬಂದು, ಇದನ್ನು ನನ್ನ ಹರಾಜು ಅಂಗಳದಲ್ಲೂ ಹಾಕಿಕೊಡಿ, ಮುದಿ ಕುದುರೆಯೂ ರೇಸಿನ ಕುದುರೆಯ ಹಾಗೆ ಕುಣಿಯುತ್ತದೆ ಅಂದನಂತೆ.

ಇದನ್ನು ಎಲ್ಲರೂ ನಗುತ್ತ ಹೇಳುತ್ತಾರೆ. ಅದೇ ನೆನಪಿನ ಮಾತುಗಳಲ್ಲಿ ಇನ್ನೊಂದು ಸಾಲೂ ಬರುತ್ತದೆ. ಪರ್ಲ್ ಸ್ಟ್ರೀಟಿನ ಸ್ಟೇಷನ್ನಿನಲ್ಲಿ ಪೈಪುಗಳ ರಾಶಿಯ ಮೇಲೆಯೇ ಎಡಿಸನ್ ಎಷ್ಟೋ ರಾತ್ರಿ ಮಲಗುತ್ತಿದ್ದ. ಅಲ್ಲಿ ಪರೀಕ್ಷೆಯ ಕೆಲಸ ಮಾಡುತ್ತಿದ್ದ ಇಬ್ಬರು ಜರ್ಮನರು ಆ ತಣ್ಣನೆಯ ತೇವದ ನೆಲಮಾಳಿಗೆಯಲ್ಲಿ ಗಂಟಲಮಾರಿ ಹತ್ತಿ ಸತ್ತರು. ತನಗೇನೂ ಆಗಲಿಲ್ಲ ಅಂತ ಎಡಿಸನ್ ಸೇರಿಸುತ್ತಾನೆ. ಅಷ್ಟೇ. ಅವರ ಹೆಸರೂ ಅಲ್ಲಿ ಇಲ್ಲ. ಕುದುರೆಯ ಕಥೆಗೆ ಒಂದು ಪುಟ, ಇವರಿಗೆ ಒಂದು ವಾಕ್ಯ.

ಉಳಿದ ಕಂಪನಿಗಳು ಎಡಿಸನ್ನನ ಹಾಗೆ ತಲೆಕೆಡಿಸಿಕೊಳ್ಳಲಿಲ್ಲ, ಕಂಬದ ಮೇಲೆಯೇ ತಂತಿ ಎಳೆದವು. ತಂತಿಗಳನ್ನು ನೆಲದಡಿ ಹಾಕಿ ಅಂತ 1884ರಲ್ಲೇ ರಾಜ್ಯದ ಕಾನೂನು ಬಂದಿತ್ತು. ಯಾರೂ ಕ್ಯಾರೇ ಅನ್ನಲಿಲ್ಲ. 1888ರ ಮಾರ್ಚ್‌ನ ಭಾರಿ ಹಿಮಪಾತದಲ್ಲಿ ಕಂಬಗಳು ಉರುಳಿದವು. ಆಗಲೂ ಕೆಲಸ ಆಮೆನಡಿಗೆ. 1889ರ ಅಕ್ಟೋಬರ್ 11ರಂದು ಜಾನ್ ಫೀಕ್ಸ್ ಎಂಬ ಲೈನ್‌ಮನ್ ಟೆಲಿಗ್ರಾಫ್ ಕಂಬ ಹತ್ತಿ ಕೆಲಸ ಮಾಡುತ್ತಿದ್ದಾಗ, ಸತ್ತ ತಂತಿ ಅಂದುಕೊಂಡದ್ದರಲ್ಲಿ ಬೇರೆ ಲೈನಿನ ಹೈವೋಲ್ಟೇಜ್ ಹರಿದು, ನಡುಹಗಲಲ್ಲಿ, ಸಾವಿರಾರು ಜನರ ಕಣ್ಣೆದುರು ತಂತಿಗಳ ನಡುವೆಯೇ ಸತ್ತ. ಹೆಣ ಇಳಿಸುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಅದಾದ ಮೇಲೆ ಊರು ಸಿಟ್ಟಿಗೆದ್ದಿತು. ಮೇಯರ್ ಹ್ಯೂ ಗ್ರಾಂಟ್ ಕೊಡಲಿ ಕೊಟ್ಟು ಜನ ಕಳಿಸಿ ಕಂಬಗಳನ್ನು ಕಡಿಸಿದ.

ನಮ್ಮ ಕಡೆ ಕರೆಂಟು ಬಂದದ್ದು ಇದರ ನಂತರ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ. ಶಿವನಸಮುದ್ರದ ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಜನರಲ್ ಎಲೆಕ್ಟ್ರಿಕ್, ಅಂದರೆ ಎಡಿಸನ್ನನ ಕಂಪನಿ ಇನ್ನೊಂದರ ಜೊತೆ ಸೇರಿ 1892ರಲ್ಲಿ ಆದದ್ದು. ಸುಮಾರು 90 ಮೈಲಿ ಕಾಡು ಮೇಡು ದಾಟಬೇಕಿದ್ದ ಲೈನು ಕಂಬದ ಮೇಲೆಯೇ ಹೋಯಿತು, ಅಷ್ಟುದ್ದ ಹೂಳುವುದು ಆಗ ಆಗದ ಮಾತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದಾಗ, ಲೈನ್‌ಮನ್ ಮಳೆಯಲ್ಲೇ ಕಂಬ ಹತ್ತುವುದನ್ನು ನೋಡಿ ಬೆಳೆದವನು ನಾನು. ಫೀಕ್ಸ್ ಕಥೆ ಓದುವಾಗ ನನಗೆ ಕಂಡದ್ದು ನ್ಯೂಯಾರ್ಕ್ ಅಲ್ಲ, ನಮ್ಮೂರ ಆ ಕಂಬ.

ಆಂಡ್ರೂಸ್ ಏನಾದ? ಊರಿನ ಕಟ್ಟಡಗಳಿಂದ ಬೆಂಕಿಯನ್ನು ಹೊರಗೆ ಹಾಕುವ ಕಂಪನಿ ಕಟ್ಟಿದ ಆ ಮನುಷ್ಯ 1899ರ ಏಪ್ರಿಲಿನಲ್ಲಿ ತನ್ನ ಮನೆಗೆ ಬಿದ್ದ ಬೆಂಕಿಯಲ್ಲಿ, ಹೆಂಡತಿಯ ಜೊತೆಗೆ ಸತ್ತ. ಕಥೆಯಲ್ಲಿ ಬರೆದಿದ್ದರೆ ಅತಿಯಾಯಿತು ಅಂತ ನೀವೇ ಕಾಮೆಂಟ್ ಹಾಕುತ್ತಿದ್ದಿರಿ.

ಅವನ ಪೈಪುಗಳ ಸಂತತಿ ಇಂದಿಗೂ ಇದೆ. ಮ್ಯಾನ್‌ಹಟನ್ ಕೆಳಗೆ ನೂರು ಮೈಲಿಗೂ ಹೆಚ್ಚು ಹಬೆ ಪೈಪು ಈಗಲೂ ಓಡುತ್ತಿದೆ. ಸಿನಿಮಾಗಳಲ್ಲಿ ರಸ್ತೆಯಿಂದ ಬಿಳಿ ಹೊಗೆ ಏಳುತ್ತದಲ್ಲ, ಅದು ಸಾಮಾನ್ಯವಾಗಿ ಸೋರಿದ ಹಬೆಯಲ್ಲ, ಮಳೆನೀರೋ ಚರಂಡಿ ನೀರೋ ಬಿಸಿ ಪೈಪಿನ ಮೇಲೆ ಬಿದ್ದು ಆವಿಯಾಗುವುದು. ಎಮೆರಿ ಅಂಜಿದ್ದ ನೀರೇ ಇಂದಿಗೂ ಶತ್ರು. 2007ರ ಜುಲೈ 18ರಂದು ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ 1924ರ ಒಂದು ಪೈಪು ಸಿಡಿಯಿತು. ಕಾರಂಜಿ ಕಟ್ಟಡಗಳೆತ್ತರಕ್ಕೆ ಚಿಮ್ಮಿತು, ಹತ್ತಾರು ಜನರಿಗೆ ಗಾಯ, ಒಬ್ಬರು ಹೃದಯಾಘಾತದಿಂದ ತೀರಿಕೊಂಡರು. ತನಿಖೆಯಲ್ಲಿ ಕಂಡದ್ದು: ಪೈಪಿನೊಳಗಿನ ನೀರನ್ನು ಹೊರಹಾಕುವ ಸಾಧನಗಳು, ಹಿಂದೆ ಸೋರಿಕೆ ಮುಚ್ಚಲು ಹಾಕಿದ್ದ ಅಂಟಿನ ಚೂರುಗಳಿಂದ ಕಟ್ಟಿಕೊಂಡಿದ್ದವು. ಮಳೆಗೆ ತಣ್ಣಗಾದ ಪೈಪಿನಲ್ಲಿ ನೀರು ಸೇರಿ, ಹಬೆಯ ಗುಳ್ಳೆ ಕುಸಿದು ಸುತ್ತಿಗೆಯ ಹಾಗೆ ಬಡಿದಿತ್ತು. ಒಂದು ಬಗ್ ಸರಿ ಮಾಡಲು ಹಾಕಿದ ಪ್ಯಾಚೇ ಇನ್ನೊಂದು ಬಗ್ ಆದದ್ದು. ನಮಗೇನು ಹೊಸದೇ?

ಸರಿ, ಮ್ಯಾನೇಜರ ಮನೆಗೆ ಬರೋಣ. ನಮ್ಮ ಕಂದಕ ಸುಮಾರು 90 ಅಡಿ ಉದ್ದ, ಮೂರಡಿ ಆಳ. ವೈರನ್ನು ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿ, ಬಿಸಿ ಪೈಪಿನಿಂದ ದೂರ ಒಂದು ಪಕ್ಕಕ್ಕೆ ಇಟ್ಟೆವು. ಮೇಲೆ ಅರ್ಧ ಮಣ್ಣು ಹಾಕಿ, ಕೆಂಪು ಎಚ್ಚರಿಕೆ ಪಟ್ಟಿ ಹಾಸಿ, ಮತ್ತೆ ಮಣ್ಣು. ಮುಂದೆ ಯಾರಾದರೂ ಅಗೆದರೆ ಮೊದಲು ಪಟ್ಟಿ ಸಿಗುತ್ತದೆ. ವೈರು ಸರಿಯಾಯಿತು. ಎಡವಿದ್ದು ಪೈಪಿನಲ್ಲಿ.

ಈಗ ಕಬ್ಬಿಣ ಬೇಡ, ಬಗ್ಗುವ ಪೆಕ್ಸ್ ಪೈಪು ಸಿಗುತ್ತದೆ. ಥಾಮಸ್ ಎಂಗೆಲ್ ಎಂಬ ಜರ್ಮನ್ 1968ರಲ್ಲಿ ಕಂಡುಹಿಡಿದ ಪ್ಲಾಸ್ಟಿಕ್ ಅದು. ಸುತ್ತ ಗಟ್ಟಿ ಫೋಮ್ ತುಂಬಿದ್ದು ತಗೊಂಡರೆ ದುಬಾರಿ. ಮ್ಯಾನೇಜರು ಅಗ್ಗದ್ದು ತಂದಿದ್ದರು. ಎರಡು ಬರೀ ಪೈಪಿಗೆ ಬೆಳ್ಳಿ ಹಾಳೆಯಂಥದ್ದು ಸುತ್ತಿ ಸುಕ್ಕುಗಟ್ಟಿದ ಕಪ್ಪು ಕೊಳವೆಯೊಳಗೆ ತೂರಿಸಿದ್ದು. ಅಂಗಡಿಯವನೂ ಇದೇ ಸಾಕು ಅಂದನಂತೆ. ನನಗೂ ಏನು ಗೊತ್ತಿತ್ತು, ಹೂತುಬಿಟ್ಟೆವು.

ಡಿಸೆಂಬರಿನಲ್ಲಿ ಹಿಮ ಬಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಇಡೀ ಅಂಗಳ ಬೆಳ್ಳಗೆ, ಒಲೆಯಿಂದ ಮನೆಯವರೆಗೆ ಮಾತ್ರ ಅಡಿಯಗಲದ ಹಸಿರು ಹುಲ್ಲಿನ ದಾರಿ! ಫೋಟೋ ಕಳಿಸಿದರು. ಜೋಕಿಗೆ ಕಳಿಸಿದ್ದಲ್ಲ. ಕೊಳವೆಯೊಳಗೆ ನೀರು ಹೊಕ್ಕಿತ್ತು. ಸೌದೆ ದಿನಕ್ಕೆ ಲೆಕ್ಕ ಹಾಕಿದ್ದರ ದುಪ್ಪಟ್ಟು ಉರಿಯುತ್ತಿತ್ತು, ಆದರೂ ಅಮ್ಮನ ಕೋಣೆ ತಣ್ಣಗಿತ್ತು. ಸಾಲದ್ದಕ್ಕೆ ಅಷ್ಟು ಉರಿಸಿದ್ದರಿಂದ ಹೊಗೆಯೂ ಜಾಸ್ತಿ. ಇಲ್ಲಿ ಈ ಒಲೆಗಳ ಹೊಗೆಯಿಂದ ನೆರೆಹೊರೆಯವರ ಜಗಳ ಕೋರ್ಟಿನವರೆಗೆ ಹೋಗುತ್ತದೆ. 2011ರಿಂದ ನ್ಯೂಯಾರ್ಕ್ ರಾಜ್ಯ ಹೊಸ ಒಲೆಗೆ ಕನಿಷ್ಠ 18 ಅಡಿ ಚಿಮಣಿ ಇರಬೇಕು ಅಂತ ನಿಯಮ ಮಾಡಿದೆ. ನಮ್ಮ ಅಡಿಗೆಮನೆಯ ಹೊಗೆಯ ಮೇಲೆ ಯಾವ ನೆರೆಯವರೂ ದೂರು ಕೊಡಲಿಲ್ಲ, ಕುಡಿದದ್ದು ಅಜ್ಜಿಯೊಬ್ಬಳೇ ತಾನೆ.

ಆ ಚಳಿಗಾಲ ಅವರ ಅಮ್ಮ ಮಗಳ ಮನೆಗೆ ಹೋದರು. ಮಗನಿಗೆ ಅದು ಚುಚ್ಚುತ್ತಿತ್ತು. ಮೀಟಿಂಗಿನ ನಡುವೆ ಸುಮ್ಮನಾಗಿಬಿಡುತ್ತಿದ್ದರು. ಮೇ ತಿಂಗಳಲ್ಲಿ ಮತ್ತೆ ಕರೆದರು. ಈ ಸಲ ಪ್ಲಾಸ್ಟಿಕ್ ಮೈಯ, ಫೋಮ್ ತುಂಬಿದ ಸುರುಳಿ ಬಂದಿತ್ತು, ಬೆಲೆ ಮೊದಲಿನದರ ಮೂರು ಪಟ್ಟಿನ ಮೇಲೆ. ಹಳೆಯ ಕಂದಕವನ್ನೇ ಬಿಡಿಸುತ್ತ ಹೋದೆವು. ಎರಡು ಗುದ್ದಲಿ ಮಣ್ಣು ತೆಗೆಯುವಷ್ಟರಲ್ಲಿ ನಾವೇ ಹಾಸಿದ್ದ ಕೆಂಪು ಪಟ್ಟಿ ಸಿಕ್ಕಿತು. ಕಪ್ಪು ಕೊಳವೆಯನ್ನು ಕತ್ತರಿಸಿದಾಗ ಬಕೆಟ್‌ಗಟ್ಟಲೆ ನೀರು ಸುರಿಯಿತು. ಕೆಳಗೆ ಜಲ್ಲಿ ಹಾಕಿ, ನೀರು ಹರಿದುಹೋಗಲು ಇಳಿಜಾರು ಕೊಟ್ಟು, ಹೊಸ ಸುರುಳಿ ಇಳಿಸಿದೆವು.

ಈ ಸಲ ಮೊದಲ ಹಿಮ ಬಿದ್ದದ್ದು ಹೋದ ಭಾನುವಾರ. ಬೆಳಿಗ್ಗೆ ಏಳೂವರೆಗೆ ಫೋನಿಗೆ ಒಂದು ಫೋಟೋ ಬಂತು. ಅಂಗಳದಲ್ಲಿ ಒಲೆ, ಅದರ ಚಿಮಣಿ, ಈಚೆಗೆ ಮನೆ. ನಡುವೆ ಬರೀ ಬಿಳಿ, ಒಂದು ಗೆರೆ ಕೂಡ ಇಲ್ಲ. ಕಿಟಕಿಯ ಹಿಂದೆ ಯಾರೋ ಕೂತಿದ್ದರು. ದೊಡ್ಡದು ಮಾಡಿ ನೋಡಿದೆ, ಅವರ ಅಮ್ಮ.

ಅಪ್ಪನಿಗೆ ಅದನ್ನೇ ವಾಟ್ಸ್ಯಾಪ್‌ನಲ್ಲಿ ಕಳಿಸಿದೆ. "ಬೂದಿ ಎಲ್ಲಿ ಹಾಕ್ತಾರೆ ಕೇಳು, ತೋಟಕ್ಕೆ ಒಳ್ಳೇದು" ಅಂತ ಉತ್ತರ ಬಂದಿದೆ. ನಾಳೆ ಕೇಳಬೇಕು.